ಫಜ್ಜಿ ಗ್ರಾಫ್: ಎಡ್ಜ್‌ಗಳೆಲ್ಲ ಸರಿ ಇವೆ, ಆದರೂ ಮೊತ್ತ 1 ದಾಟುತ್ತಿದೆ

ಪ್ರಶ್ನೆ:
ಒಂದು ಗುಂಪಿನಲ್ಲಿ ಯಾರಿಗೆ ಯಾರ ಜೊತೆ ಎಷ್ಟು ಹೊಂದುತ್ತದೆ ಅನ್ನೋದನ್ನು ಗ್ರಾಫ್ ಮಾಡುತ್ತಿದ್ದೇನೆ: ಒಬ್ಬೊಬ್ಬರು ಒಂದೊಂದು ಬಿಂದು, ಇಬ್ಬರನ್ನು ಸೇರಿಸುವ ಗೆರೆಯೇ ಎಡ್ಜ್. ಮೊದಲು 1975ರ ರೋಸೆನ್‌ಫೆಲ್ಡ್ ಫಜ್ಜಿ ಗ್ರಾಫ್ ಮಾದರಿ, ಎಡ್ಜ್‌ಗೆ 0ಯಿಂದ 1ರೊಳಗೆ ಒಂದೇ ಸಂಖ್ಯೆ. ಅದರಲ್ಲಿ 'ಅರ್ಧಂಬರ್ಧ ಹೊಂದುತ್ತದೆ'ಗೂ 0.5, 'ಗೊತ್ತಿಲ್ಲ'ಕ್ಕೂ 0.5 ಹಾಕುತ್ತಿದ್ದೆ. ಅದಕ್ಕೇ ಅಟನಾಸೊವ್ ದಾರಿ ಹಿಡಿದೆ: ಪ್ರತಿ ಎಡ್ಜ್‌ಗೆ 'ಹೌದು' ಒಂದು, 'ಇಲ್ಲ' ಒಂದು, ಮೊತ್ತ 1ರೊಳಗೆ, ಉಳಿದದ್ದು ಅನುಮಾನ. ಎಡ್ಜ್‌ಗಳನ್ನು ಮೂರು ಸಲ ನೋಡಿದೆ, ತಪ್ಪಿಲ್ಲ. ಫ್ಲಾಯ್ಡ್-ವಾರ್ಷಲ್ (ಪ್ರತಿ ಜೋಡಿಗೂ ಬೇರೆಯವರ ಮೂಲಕ ಹೋಗುವ ದಾರಿಗಳನ್ನೂ ಹೋಲಿಸುವ ಅಲ್ಗಾರಿದಮ್) ಓಡಿಸಿದ ಮೇಲೆ ಮಾತ್ರ ಕ–ಖ ಜೋಡಿಗೆ ('ಹೌದು' 0.7, 'ಇಲ್ಲ' 0.6) ಬರುತ್ತಿದೆ. ಸುಮ್ನೆ ಪೈಥಾಗೊರಿಯನ್ ಫಜ್ಜಿಗೆ ಹೋಗಿಬಿಡಲಾ?

ಉತ್ತರ:
ಬೇಡ. ಅಲ್ಲಿ ವರ್ಗಗಳ ಮೊತ್ತ 1ರೊಳಗಿದೆಯಾ ಅಂತಷ್ಟೇ ನೋಡೋದು. 0.49 + 0.36 = 0.85, ಪಾಸಾಗುತ್ತದೆ. ತಪ್ಪು ಒಳಗೇ ಕೂತಿರುತ್ತದೆ. 'ಇಲ್ಲ'ಕ್ಕೂ ಅದೇ ಫಂಕ್ಷನ್ ಕರೆದಿದ್ದೀರಿ ಅಲ್ವಾ?

ಪ್ರಶ್ನೆ ಕೇಳಿದವರು:
ಹೌದು. ದಾರಿಯೊಳಗೆ ಮಿನ್ (ಅತಿ ಚಿಕ್ಕದು), ದಾರಿಗಳ ನಡುವೆ ಮ್ಯಾಕ್ಸ್ (ಅತಿ ದೊಡ್ಡದು). ಕ–ಖ ನೇರ ಎಡ್ಜ್ (0.7, 0.2). ಕ–ಗ, ಗ–ಖ ಎರಡೂ (0.3, 0.6).

ಉತ್ತರ:
ಸಿಕ್ಕಿತು. 0.7 ನೇರ ದಾರಿಯದು, 0.6 ಗ ಮೂಲಕ ಬಂದದ್ದು. 'ಇಲ್ಲ'ಕ್ಕೆ ಉಲ್ಟಾ ಮಾಡಬೇಕು: ದಾರಿಯೊಳಗೆ ಮ್ಯಾಕ್ಸ್, ದಾರಿಗಳ ನಡುವೆ ಮಿನ್. ಆಗ (0.7, 0.2), ಅನುಮಾನ 0.1.

ಹೀಗೆ ಮಾಡಿದರೆ ಮೊತ್ತ ಎಂದೂ 1 ದಾಟಲ್ಲ. ಒಂದು ದಾರಿಯಲ್ಲಿ 'ಇಲ್ಲ' ಅತಿ ಜಾಸ್ತಿ ಇರುವ ಎಡ್ಜ್ ತಗೊಳ್ಳಿ. ದಾರಿಯ 'ಹೌದು' ಆ ಎಡ್ಜ್‌ನ 'ಹೌದು'ಗಿಂತ ಹೆಚ್ಚಿರಲ್ಲ. ಎಡ್ಜ್‌ನ ಮೊತ್ತ 1ರೊಳಗಿದ್ದರೆ ದಾರಿಯದೂ ಅಷ್ಟೇ. 'ಹೌದು' ಅತಿ ಹೆಚ್ಚಿರುವ ದಾರಿ ಹಿಡಿಯಿರಿ. ಬೇರೆ ದಾರಿಗಳು ಸೇರಿದರೆ 'ಇಲ್ಲ' ಅದಕ್ಕಿಂತ ಇಳಿಯಬಹುದು, ಏರಲ್ಲ.

ಪ್ರಶ್ನೆ ಕೇಳಿದವರು:
ಬದಲಾಯಿಸಿದೆ. ಈಗ 'ಇಲ್ಲ' ಎಲ್ಲ ಕಡೆ 0!

ಉತ್ತರ:
ಕೋಷ್ಟಕದಲ್ಲಿ ಎಡ್ಜ್ ಇಲ್ಲದ ಕಡೆ ನೀವು (0, 0) ತುಂಬಿದ್ದೀರಿ ಅನ್ನಿಸುತ್ತದೆ. ಅಲ್ಲಿ (0, 1) ಹಾಕಿ, ಕರ್ಣದಲ್ಲಿ, ಅಂದರೆ ಕ–ಕ ಥರ ತನಗೆ ತಾನೇ ಜೋಡಿಯಾದ ಕಡೆ, (1, 0). ಮಿನ್ ಓಡುವಾಗ ಒಂದು 0 ಸಿಕ್ಕರೂ ಸಾಕು, ಉಳಿದದ್ದನ್ನೆಲ್ಲ ನುಂಗುತ್ತದೆ. ನಿಜವಾಗಿ 'ಗೊತ್ತಿಲ್ಲ' ಅಂತ ನೀವೇ (0, 0) ಕೊಟ್ಟ ಎಡ್ಜ್‌ಗೂ ಇದೇ ಗತಿ. ಅಂಥವನ್ನು ನಾನು ದಾರಿಯ ಲೆಕ್ಕದಿಂದ ಹೊರಗಿಟ್ಟು, ಬೇರೆ ಪಟ್ಟಿಯಲ್ಲಿ ಇಡುತ್ತೇನೆ. ಅಂದವಾಗಿಲ್ಲ, ಆದರೆ ಮೋಸ ಮಾಡಲ್ಲ.

ಪ್ರಶ್ನೆ ಕೇಳಿದವರು:
(0.7, 0.2) ಬಂತು. 'ಗೊತ್ತಿಲ್ಲ' ಎಡ್ಜ್ ನಾಲ್ಕು ಇದ್ದವು, ತೆಗೆದು ಮತ್ತೆ ಓಡಿಸುತ್ತಿದ್ದೇನೆ.