ಬೆಂಗಳೂರಿನ ಎಫ್‌ಎಂ ಚಾನೆಲ್‌ಗಳು ಹಾಡಿನ ಧಾಟಿ ಯಾಕೆ ಬದಲಿಸುತ್ತಲೇ ಇರುತ್ತವೆ?

ರೇಡಿಯೋ ಹುಚ್ಚ
ನಾನು ದಿನಾ ಕೇಳುವ ಒಂದು ಖಾಸಗಿ ಚಾನೆಲ್ (ಹೆಸರು ಬೇಡ ಬಿಡಿ) ಮತ್ತೆ ವೇಷ ಬದಲಿಸಿದೆ. ಮೊದಲು ಹಿಂದಿ, ಇಂಗ್ಲಿಷ್, ಕನ್ನಡ ಎಲ್ಲ ಕಲಸುಮೇಲೋಗರ ಇತ್ತು. ಆಮೇಲೆ ಪೂರ್ತಿ ಕನ್ನಡ ಆಯಿತು, ಹಳೇದು ಹೊಸದು ಎರಡೂ ಬರುತ್ತಿತ್ತು, ಖುಷಿಯಾಗಿತ್ತು. ಈಗ ಬರೀ ಹೊಸ ಹಿಟ್‌ಗಳು. ಸೋಮವಾರ ಬೆಳಿಗ್ಗೆ ಹಾಕಿದರೆ ಜಿಂಗಲ್ ಬೇರೆ, ಆರ್‌ಜೆ ಬೇರೆ, ರಾತ್ರಿ ಹಳೇ ಹಾಡಿನ ಕಾರ್ಯಕ್ರಮ ನಾಪತ್ತೆ. ಒಂದು ಮಾತು ಹೇಳಲಿಲ್ಲ. ಆಫೀಸಿಗೆ ಹೋಗುವಾಗ ಬಂದ ಹಾಡೇ ವಾಪಸ್ ಬರುವಾಗಲೂ ಬರುತ್ತೆ, ತಲೆ ಚಿಟ್ಟು ಹಿಡಿದುಹೋಗಿದೆ. ಇದನ್ನೆಲ್ಲ ಯಾರು ತೀರ್ಮಾನ ಮಾಡುತ್ತಾರೆ? ಕೇಳುವವರನ್ನು ಯಾರಾದರೂ ಕೇಳುತ್ತಾರಾ?

ಮೈಕ್ ಹಿಂದಿನವಳು
ಹಿಂದೆ ಒಂದು ಸ್ಟೇಷನ್‌ನಲ್ಲಿ ಹಾಡುಗಳ ಶೆಡ್ಯೂಲ್ ಮಾಡುವ ಕೆಲಸದಲ್ಲಿದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಹಾಡು ಆರ್‌ಜೆ ಆರಿಸುವುದಿಲ್ಲ ಸರ್. ಒಂದೊಂದು ಗಂಟೆಗೂ ಒಂದು 'ಕ್ಲಾಕ್' ಇರುತ್ತೆ. ಗಂಟೆ ಶುರುವಾದ ತಕ್ಷಣ ಜಿಂಗಲ್, ಅದರ ಬೆನ್ನಿಗೇ ಆ ವಾರ ಓಡುತ್ತಿರುವ ದೊಡ್ಡ ಹಿಟ್, ಆಮೇಲೆ ಒಂದೆರಡು ವರ್ಷ ಹಿಂದಿನದು, ಆರ್‌ಜೆ ಮಾತು, ಜಾಹೀರಾತು, ಮತ್ತೆ ಹಿಟ್. ಯಾವ ಜಾಗಕ್ಕೆ ಯಾವ ಥರದ ಹಾಡು ಅಂತ ಮೊದಲೇ ಗೊತ್ತು, ಆ ಪೆಟ್ಟಿಗೆಯಿಂದ ಒಂದನ್ನು ಸಾಫ್ಟ್‌ವೇರ್ ಎತ್ತಿ ಕೊಡುತ್ತೆ. ಒಬ್ಬರೇ ಗಾಯಕರ ಎರಡು ಹಾಡು ಒಟ್ಟೊಟ್ಟಿಗೆ ಬರದ ಹಾಗೂ ಅದೇ ನೋಡಿಕೊಳ್ಳುತ್ತೆ. ನಾವು ಕೊನೆಗೆ ಅಲ್ಲಿ ಇಲ್ಲಿ ಕೈ ಆಡಿಸುತ್ತಿದ್ದೆವು ಅಷ್ಟೇ.

ಹೊಸ ಹಿಟ್‌ಗಳ ಪೆಟ್ಟಿಗೆ ತುಂಬಾ ಚಿಕ್ಕದು. ಅದಕ್ಕೇ ಕೆಲವೇ ಗಂಟೆಗೆ ಅದೇ ಹಾಡು ಸುತ್ತಿಕೊಂಡು ಬರುತ್ತೆ. ಜನ ಕಾರಲ್ಲೋ ಅಡುಗೆಮನೆಯಲ್ಲೋ ಸ್ವಲ್ಪ ಹೊತ್ತು ಕೇಳಿ ಆಫ್ ಮಾಡುತ್ತಾರೆ, ಆ ಹೊತ್ತಲ್ಲಿ ಅವರಿಗೆ ಗೊತ್ತಿರುವ ಹಾಡು ಸಿಗಲೇಬೇಕು ಅನ್ನೋದು ಲೆಕ್ಕ. ನಿಮ್ಮ ಹಾಗೆ ಎರಡು ಹೊತ್ತೂ ಕೇಳುವವರು ಆ ಲೆಕ್ಕಕ್ಕೇ ಬರುವುದಿಲ್ಲ.

ಕೇಳುಗರನ್ನು ಕೇಳುತ್ತಾರೆ, ಆದರೆ ಹೇಗೆ ಅಂದರೆ, ಫೋನ್ ಮಾಡಿ ಹಾಡಿನ ಒಂದು ತುಣುಕು ಕೇಳಿಸಿ "ಗೊತ್ತಾ? ಇಷ್ಟನಾ? ಬೋರ್ ಆಯ್ತಾ?" ಅಂತ. ಇಂಥ ಪರೀಕ್ಷೆಯಲ್ಲಿ ಗೊತ್ತಿಲ್ಲದ ಹಾಡು ಗೆಲ್ಲುವುದೇ ಇಲ್ಲ.

ಬ್ಯಾಂಡ್ ಸ್ವಿಚ್
ಮೇಡಂ ಹೇಳಿದ್ದು ಸರಿ, ಆದರೆ ಅದಕ್ಕಿಂತ ಹಿಂದಿನ ಕಥೆ ದುಡ್ಡಿನದು. ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾಗಿದ್ದೇ ನಮ್ಮೂರಲ್ಲಿ, 2001ರ ಜುಲೈ 3ರಂದು, ರೇಡಿಯೋ ಸಿಟಿ. ಆಗಿನ ಲೈಸೆನ್ಸ್ ಫೀ ವರ್ಷಕ್ಕೆ ಶೇ. 15ರಂತೆ ಏರುತ್ತಿತ್ತು, ಆದಾಯ ಬರಲಿ ಬಿಡಲಿ. ದೇಶದಲ್ಲಿ ಎಷ್ಟೋ ಜನ ಕೈ ಸುಟ್ಟುಕೊಂಡರು. 2005ರಲ್ಲಿ ನಿಯಮ ಬದಲಾಯಿತು: ಒಂದು ಸಲ ಪ್ರವೇಶ ಶುಲ್ಕ ಕಟ್ಟಿ, ಆಮೇಲೆ ಆದಾಯದಲ್ಲಿ ಶೇ. 4. ಅದಾದ ಮೇಲೆ ಸಾಲಾಗಿ ಚಾನೆಲ್‌ಗಳು ಬಂದವು. ಎಲ್ಲರೂ ಒಂದೇ ಥರ ಹಾಕಿದರೆ ಗಿಟ್ಟಲ್ಲ ಅಲ್ವಾ? ಒಬ್ಬರು ಇಂಗ್ಲಿಷ್ ಹಿಡಿದರು, ಮಿಕ್ಕವರಲ್ಲಿ ಸುಮಾರು ಜನ ಕನ್ನಡಕ್ಕೆ ಬಂದರು. ಆ ಹೊತ್ತಿಗೆ ಸರಿಯಾಗಿ 2006ರ ಕೊನೆಯಲ್ಲಿ 'ಮುಂಗಾರು ಮಳೆ' ಬಂತು, ಎಲ್ಲಿ ನೋಡಿದರೂ ಅದರ ಹಾಡೇ. ಕನ್ನಡ ಹಾಕಿದರೆ ಓಡುತ್ತೆ ಅಂತ ಮಾಲೀಕರಿಗೆ ಧೈರ್ಯ ಬಂದಿದ್ದು ಆಗಲೇ ಅಂತ ನನ್ನ ಅನಿಸಿಕೆ.

ಸಿಗ್ನಲ್ ವೀಕು
ಧೈರ್ಯ ಬಂತು ಸರಿ, ನಿಲ್ಲಲಿಲ್ಲವಲ್ಲ! ಜಾಹೀರಾತಿನ ದುಡ್ಡು ಹಂಚುವ ದೊಡ್ಡ ಏಜೆನ್ಸಿಗಳು ಕೂತಿರೋದು ಮುಂಬೈಯಲ್ಲಿ. ಅವರಿಗೆ ನಾಲ್ಕಾರು ಊರಿಗೆ ಒಂದೇ ಥರದ ಚಾನೆಲ್ ಇದ್ದರೆ ಅನುಕೂಲ, ಅದಕ್ಕೇ ಇಲ್ಲೂ ಹಿಂದಿ ಚಾನೆಲ್‌ಗಳು ಹುಟ್ಟಿಕೊಳ್ಳುತ್ತವೆ. 2015ರ ಹರಾಜಿನಲ್ಲಿ ಬೆಂಗಳೂರಿನ ಒಂದೇ ಒಂದು ತರಂಗಾಂತರ ನೂರು ಕೋಟಿ ದಾಟಿತ್ತು. ಅಷ್ಟು ಸುರಿದವನು ಭಾವಗೀತೆ ಹಾಕಿಕೊಂಡು ಕೂರುತ್ತಾನಾ?

ಮೈಕ್ ಹಿಂದಿನವಳು
ಅದೂ ನಿಜ. ಇನ್ನೊಂದು ವಿಷಯ, ಖಾಸಗಿ ಎಫ್‌ಎಂ ಸ್ವಂತ ಸುದ್ದಿ ಹೇಳುವ ಹಾಗಿಲ್ಲ. ಹಾಗಾಗಿ ಪಕ್ಕದ ಚಾನೆಲ್‌ಗಿಂತ ಬೇರೆ ಅನ್ನಿಸಿಕೊಳ್ಳಲು ಉಳಿದಿರೋದು ಹಾಡು, ಆರ್‌ಜೆ ಇಷ್ಟೇ. ಕೇಳುಗರು ಕಮ್ಮಿಯಾದರು ಅಂದ ತಕ್ಷಣ ಮೊದಲು ಕತ್ತರಿ ಬೀಳೋದು ಅಲ್ಲೇ.

ಅಜ್ಜನ ಟ್ರಾನ್ಸಿಸ್ಟರ್
ಸುಮ್ನೆ ಯಾಕೆ ಒದ್ದಾಡುತ್ತೀರಿ, 102.9 ವಿವಿಧ ಭಾರತಿ ಹಾಕಿ. ಇಲ್ಲ 101.3 ಕಾಮನಬಿಲ್ಲು. ಗಲಾಟೆ ಕಮ್ಮಿ, ಹಾಡು ಜಾಸ್ತಿ.

ರೇಡಿಯೋ ಹುಚ್ಚ
102.9 ಮನೆಯಲ್ಲಿ ಇದ್ದೇ ಇದೆ ಸರ್, ಅಮ್ಮ ಬೇರೆ ಹಾಕಲು ಬಿಡೋದೇ ಇಲ್ಲ. ನನ್ನ ಸಂಕಟ ಆ ರಾತ್ರಿ ಕಾರ್ಯಕ್ರಮದ್ದು. ಆ ಆರ್‌ಜೆ ಹಾಡಿಗೆ ಮುಂಚೆ ಬರೆದವರು ಯಾರು, ರಾಗ ಹಾಕಿದವರು ಯಾರು ಅಂತ ಹೇಳುತ್ತಿದ್ದರು, ಹಾಡನ್ನು ಅರ್ಧಕ್ಕೆ ಕತ್ತರಿಸುತ್ತಿರಲಿಲ್ಲ. ಅದು ವಾಪಸ್ ಬರುವ ಸಾಧ್ಯತೆ ಏನಾದರೂ ಇದೆಯಾ ಮೇಡಂ?

ಮೈಕ್ ಹಿಂದಿನವಳು
ಪ್ರಾಯೋಜಕರು ಸಿಕ್ಕಿದರೆ ಖಂಡಿತ ಬರುತ್ತೆ. ರಾತ್ರಿ ಹೊತ್ತು ಜಾಹೀರಾತು ಕಮ್ಮಿ, ಸಂಬಳ ಕೊಟ್ಟು ಒಬ್ಬರನ್ನು ಕೂರಿಸುವ ಬದಲು ಹಾಡು ತಾನಾಗೇ ಓಡಲಿ ಅಂತ ಬಿಟ್ಟುಬಿಡುತ್ತಾರೆ. ಸ್ಟೇಷನ್‌ಗೆ ಬರೆಯುವುದಾದರೆ ಪ್ರೋಗ್ರಾಮಿಂಗ್‌ನವರಿಗಷ್ಟೇ ಅಲ್ಲ, ಸೇಲ್ಸ್‌ನವರಿಗೂ ಬರೆಯಿರಿ.