ಮ್ಯಾಕ್‌ನಲ್ಲಿ ಹಾರ್ಡ್ ಡಿಸ್ಕ್ ಕಾಣುತ್ತೆ, ಫೈಲ್ ಹಾಕೋಕೆ ಬಿಡ್ತಿಲ್ಲ

ಮದುವೆ ಕ್ಯಾಮೆರಾ, ಕಲಬುರಗಿ:
ನಮಸ್ಕಾರ. ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಸೀಮಂತ, ತೊಟ್ಟಿಲು, ಎಲ್ಲದರ ವಿಡಿಯೋ ಮಾಡುತ್ತೇನೆ. ಕಂಪ್ಯೂಟರ್ ವಿಂಡೋಸ್ 10. 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ 640 ಜಿಬಿ ತುಂಬಿದೆ. ಈ ಸಲದ ಶರಣಬಸವೇಶ್ವರ ಜಾತ್ರೆಯ ತೇರಿನ ವಿಡಿಯೋನೂ ಅದರಲ್ಲೇ ಇದೆ.

ಎಡಿಟಿಂಗಿಗೆ ಹೊಸ ಹುಡುಗ ಸೇರಿದ್ದಾನೆ. ಅವನದು ಮ್ಯಾಕ್‌ಬುಕ್. ನನ್ನ ಡಿಸ್ಕ್ ಚುಚ್ಚಿದರೆ ಫೋಲ್ಡರ್ ಎಲ್ಲ ಕಾಣುತ್ತವೆ, ವಿಡಿಯೋ ಓಡುತ್ತದೆ. ಎಡಿಟ್ ಮಾಡಿದ್ದನ್ನು ವಾಪಸ್ ಹಾಕೋಣ ಅಂದರೆ ಪೇಸ್ಟ್ ಅನ್ನೋದೇ ಮಂಕಾಗಿ ಕೂತಿರುತ್ತದೆ. ಅಂಗಡಿಯವರೊಬ್ಬರು ಡಿಸ್ಕ್ ಹೋಗಿದೆ, ಹೊಸದು ತಗೊಳ್ಳಿ ಅಂದರು. ಹೋದ ಡಿಸ್ಕ್ ನನ್ನ ಕಂಪ್ಯೂಟರಿನಲ್ಲಿ ಹೇಗೆ ನಡೆಯುತ್ತೆ ಸ್ವಾಮಿ?

ಹಿಂದೊಮ್ಮೆ ಯಾರದೋ ಮಾತು ಕೇಳಿ 32 ಜಿಬಿ ಪೆನ್‌ಡ್ರೈವ್ ಅನ್ನು ಫ್ಯಾಟ್32 ಅನ್ನೋ ಫಾರ್ಮ್ಯಾಟಿಗೆ ಬದಲಾಯಿಸಿದ್ದೆ. ಅಕ್ಕಿಕಾಳಿನ ವಿಡಿಯೋ 11 ಜಿಬಿ. ಫೈಲ್ ತುಂಬಾ ದೊಡ್ಡದು ಅಂತ ನಿಂತೇಬಿಟ್ಟಿತು. ಪೆನ್‌ಡ್ರೈವ್ ಪೂರ್ತಿ ಖಾಲಿ ಇತ್ತು! ಅದಕ್ಕೇ ಈಗ ಏನು ಮಾಡೋಕೂ ಕೈ ನಡುಗುತ್ತೆ.

ಬಿದರಿ ಹೂಜಿ, ಬೀದರ್:
ಡಿಸ್ಕ್ ಚೆನ್ನಾಗಿದೆ, ದುಡ್ಡು ಉಳಿಸಿ. ನಿಮ್ಮದು ಎನ್‌ಟಿಎಫ್‌ಎಸ್ ಇರುತ್ತದೆ. ಅದು ಮೈಕ್ರೋಸಾಫ್ಟ್ ಫಾರ್ಮ್ಯಾಟ್, ಅಂದರೆ ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡೋ ಪದ್ಧತಿ. ಮ್ಯಾಕ್ ಅದನ್ನು ಓದುತ್ತದೆ, ಬರೆಯೋದಿಲ್ಲ. ಫ್ಯಾಟ್32 ಎಲ್ಲ ಕಡೆ ನಡೆಯುತ್ತೆ, ಆದರೆ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಎಷ್ಟು ಜಾಗ ಖಾಲಿ ಇದ್ದರೂ ಅಷ್ಟೇ.

ನಿಮಗೆ ಬೇಕಾಗಿರೋದು ಎಕ್ಸ್‌ಫ್ಯಾಟ್. ವಿಂಡೋಸ್, ಮ್ಯಾಕ್ ಎರಡೂ ಓದಿ ಬರೆಯುತ್ತವೆ. ಆದರೆ ಇರೋ ಡೇಟಾ ಇಟ್ಟುಕೊಂಡೇ ಎನ್‌ಟಿಎಫ್‌ಎಸ್‌ನಿಂದ ಅದಕ್ಕೆ ಬದಲಾಯಿಸೋಕೆ ವಿಂಡೋಸ್ ಬಿಡೋದಿಲ್ಲ. ಫಾರ್ಮ್ಯಾಟ್ ಮಾಡಿದರೆ ಎಲ್ಲ ಹೋಗುತ್ತೆ. ಮೊದಲು 640 ಜಿಬಿ ಬೇರೆ ಕಡೆ ಕಾಪಿ ಮಾಡಿ, ನಾಲ್ಕಾರು ವಿಡಿಯೋ ತೆರೆದು ನೋಡಿ, ಆಮೇಲೆ ಮುಟ್ಟಿ.

ಇನ್ನೊಂದು. ಆ ಹುಡುಗನ ಮ್ಯಾಕ್ ಡಿಸ್ಕ್ ನಿಮ್ಮ ವಿಂಡೋಸಿಗೆ ಚುಚ್ಚಿದರೆ 'ಬಳಸೋ ಮೊದಲು ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳಬಹುದು. ಒತ್ತಬೇಡಿ! ಅದಕ್ಕೆ ಮ್ಯಾಕಿನ ಫಾರ್ಮ್ಯಾಟ್ ಗೊತ್ತಿಲ್ಲ, ಅಷ್ಟೇ. ನಮ್ಮ ಭಾವ ಸುಮ್ನೆ ಓಕೆ ಒತ್ತಿ ಮಗಳ ಮೊದಲ ವರ್ಷದ ಫೋಟೋ ಎಲ್ಲ ಕಳಕೊಂಡ.

ಪೆಂಗ್ವಿನ್, ಯಾದಗಿರಿ:
ಮೇಲಿನವರು ಹೇಳಿದ್ದು ಸರಿ. ನಾನು ಉಬುಂಟು ಬಳಸೋದು, ವಿಂಡೋಸ್ ಬದಲಿಗೆ ಹಾಕಿಕೊಳ್ಳೋ ಒಂದು ಲಿನಕ್ಸ್. ಲಿನಕ್ಸ್ ಕರ್ನಲ್‌ಗೆ, ಅಂದರೆ ಅದರ ತಿರುಳಿಗೆ, ಎಕ್ಸ್‌ಫ್ಯಾಟ್ ಬಂದಿದ್ದು 2019ರಲ್ಲಿ, 5.4ನೇ ಆವೃತ್ತಿಯಲ್ಲಿ. ಈಗ ಚುಚ್ಚಿದರೆ ಸಾಕು.

ಆದರೆ ಎಕ್ಸ್‌ಫ್ಯಾಟ್‌ಗೆ ಜರ್ನಲ್ ಇಲ್ಲ. ಎನ್‌ಟಿಎಫ್‌ಎಸ್ ತಾನು ಮಾಡೋ ಬದಲಾವಣೆಯನ್ನು ಮೊದಲು ಬರೆದಿಟ್ಟುಕೊಳ್ಳುತ್ತೆ, ನಡುವೆ ನಿಂತರೆ ಸುಧಾರಿಸಿಕೊಳ್ಳುತ್ತೆ. ಇದು ಹಾಗಲ್ಲ. ಎಜೆಕ್ಟ್ ಮಾಡದೆ ವೈರ್ ಎಳೆಯಬೇಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಗೊತ್ತಲ್ಲ? ಕಾಪಿಯನ್ನು ಲ್ಯಾಪ್‌ಟಾಪಿನಲ್ಲೇ ಮಾಡಿ. ಇರೋದೊಂದೇ ಪ್ರತಿಯನ್ನು ಇದರಲ್ಲಿ ಇಡಬೇಡಿ.

ಮದುವೆ ಕ್ಯಾಮೆರಾ, ಕಲಬುರಗಿ:
ಆಯಿತು! ಗೆಳೆಯನ ಡಿಸ್ಕಿಗೆ ಎಲ್ಲ ಕಾಪಿ ಮಾಡಿ, ಎಕ್ಸ್‌ಫ್ಯಾಟ್ ಮಾಡಿ, ವಾಪಸ್ ತುಂಬಿದೆ. ಪೆಂಗ್ವಿನ್ ಬಾಯಿ ಒಳ್ಳೇದಲ್ಲ. ಯುಪಿಎಸ್ ನಂಬಿ ಡೆಸ್ಕ್‌ಟಾಪಿನಲ್ಲೇ ಕೂತಿದ್ದೆ, ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಕೂಡ ಕೀಂ ಅಂತ ಸತ್ತಿತು. ಡಿಸ್ಕ್ ತಪಾಸಣೆ ಮಾಡೋ ವಿಂಡೋಸಿನ ಚೆಕ್‌ಡಿಸ್ಕ್ ಓಡಿಸಿ, ಅರ್ಧ ಬಂದಿದ್ದ ಫೈಲ್ ಅಳಿಸಿ ಮತ್ತೆ ಹಾಕಿದೆ. ಈಗ ಹುಡುಗ ಆರಾಮಾಗಿ ಕೆಲಸ ಮಾಡುತ್ತಿದ್ದಾನೆ.

ಒಂದೇ ಅನುಮಾನ. ಡಿಸ್ಕ್ ವಿಂಡೋಸಿಗೆ ವಾಪಸ್ ಬಂದಾಗ ಪ್ರತಿ ವಿಡಿಯೋಗೂ ಒಂದು ಜೋಡಿ ಹುಟ್ಟಿಕೊಂಡಿದೆ. ಅದೇ ಹೆಸರು, ಮುಂದೆ ಒಂದು ಚುಕ್ಕಿ, ಒಂದು ಅಡಿಗೆರೆ. ತೆರೆದರೆ ಏನೂ ಓಡೋದಿಲ್ಲ. ವೈರಸ್ಸಾ?

ಬಿದರಿ ಹೂಜಿ, ಬೀದರ್:
ವೈರಸ್ ಅಲ್ಲ. ಮ್ಯಾಕ್ ತನ್ನ ಗುರುತುಗಳನ್ನು ಎಕ್ಸ್‌ಫ್ಯಾಟ್‌ನಲ್ಲಿ ಇಡೋಕೆ ಜಾಗ ಸಿಗದೆ ಹೀಗೆ ಬೇರೆ ಫೈಲ್ ಮಾಡುತ್ತೆ. ಅಳಿಸಿದರೆ ವಿಡಿಯೋಗೆ ಏನೂ ಆಗೋದಿಲ್ಲ. ಆದರೆ ಗಡಿಬಿಡಿಯಲ್ಲಿ ಅಸಲಿಯನ್ನೇ ಅಳಿಸೀರಿ. ಗಾತ್ರ ನೋಡಿ: 4 ಕೆಬಿ ಇದ್ದರೆ ಮ್ಯಾಕ್ ಮಾಡಿದ ಫೈಲ್, 11 ಜಿಬಿ ಇದ್ದರೆ ಅಕ್ಕಿಕಾಳು.