ಮಸಾಯಿ ಮಾರಾ: ದುಡ್ಡು ಟೆಂಟ್‌ಗೆ ಹಾಕೋದೋ, ಜಾಗಕ್ಕೆ ಹಾಕೋದೋ?

ಹಸಿರುದಾರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಆಗಸ್ಟ್ ಕೊನೆಗೆ ಕೀನ್ಯಾದ ಮಸಾಯಿ ಮಾರಾಕ್ಕೆ ಹೊರಟಿದ್ದೇವೆ. ನಾವಿಬ್ಬರು, ಜೊತೆಗೆ ಅಪ್ಪ (68), ಅಮ್ಮ (63). ಮಾರಾದಲ್ಲಿ ಐದು ರಾತ್ರಿ. ಏಜೆಂಟ್ ಎರಡು ಪ್ಲಾನ್ ಕೊಟ್ಟಿದ್ದಾರೆ, ರೇಟು ಹೆಚ್ಚುಕಡಿಮೆ ಒಂದೇ.

ಮೊದಲನೆಯದು ರಿಸರ್ವ್ ಒಳಗಿನ ದೊಡ್ಡ ಲಾಡ್ಜ್. ಪ್ರತಿ ರೂಮಿಗೂ ಪುಟ್ಟ ಈಜುಕೊಳ ಇದೆ. ನೈರೋಬಿಯಿಂದ ರಸ್ತೆಯಲ್ಲಿ ಹೋಗಬೇಕು, ಸಫಾರಿ ಗಾಡಿ ಬೇರೆಯವರ ಜೊತೆ ಹಂಚಿಕೊಳ್ಳಬೇಕು. ಎರಡನೆಯದು ರಿಸರ್ವ್ ಹೊರಗಿನ ಕನ್ಸರ್ವೆನ್ಸಿಯಲ್ಲಿ (ಖಾಸಗಿ ಜಮೀನಿನ ವನ್ಯಧಾಮ) ಹತ್ತು ಟೆಂಟ್‌ಗಳ ಕ್ಯಾಂಪ್. ಈಜುಕೊಳ ಇಲ್ಲ, ಎಸಿ ಇಲ್ಲ. ಆದರೆ ಸಣ್ಣ ವಿಮಾನದಲ್ಲಿ ಹೋಗಿಬರೋದು, ಗಾಡಿ ನಮಗೇ ಪ್ರತ್ಯೇಕ.

ಕಬಿನಿ, ಬಂಡೀಪುರ ಬಿಟ್ಟು ಬೇರೆ ಸಫಾರಿ ಗೊತ್ತಿಲ್ಲ. ವೈಲ್ಡ್‌ಬೀಸ್ಟ್ (ದೊಡ್ಡ ಹುಲ್ಲೆ ಜಾತಿಯ ಪ್ರಾಣಿ) ಹಿಂಡು ಮಾರಾ ನದಿ ದಾಟೋದನ್ನ ನೋಡಲೇಬೇಕು ಅನ್ನೋದು ಅಪ್ಪನ ಆಸೆ. ಅವರಿಗೆ ಸೊಂಟನೋವಿದೆ. ಎಲ್ಲರೂ ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಯಾವುದು ಆರಿಸಿಕೊಳ್ಳಲಿ?

ಬಯಲುಗಣ್ಣು:

ಎರಡನೆಯದೇ ಸರ್, ಆದರೆ ಸ್ವಲ್ಪ ಬದಲಾಯಿಸಿಕೊಂಡು.

ಮೊದಲು ಜಾಗದ ಲೆಕ್ಕ. ಮಸಾಯಿ ಮಾರಾ ನ್ಯಾಷನಲ್ ರಿಸರ್ವ್ ಸುಮಾರು 1,510 ಚದರ ಕಿ.ಮೀ., ನರೋಕ್ ಕೌಂಟಿಗೆ ಸೇರಿದ್ದು. ಅದರ ಉತ್ತರಕ್ಕೂ ಪೂರ್ವಕ್ಕೂ ಹಬ್ಬಿರುವುದು ಕನ್ಸರ್ವೆನ್ಸಿಗಳು: ಮಾರಾ ನಾರ್ತ್, ಓಲಾರೆ ಮೊಟೊರೊಗಿ, ನಬೋಯಿಶೊ ಇತ್ಯಾದಿ. ಇವು ಮಸಾಯಿ ಕುಟುಂಬಗಳ ಸ್ವಂತ ಜಮೀನು, ಕ್ಯಾಂಪ್‌ನವರು ತಿಂಗಳ ಬಾಡಿಗೆ ಕೊಟ್ಟು ಬಳಸುತ್ತಾರೆ. ಮಧ್ಯೆ ಬೇಲಿ ಇಲ್ಲ, ಸಿಂಹ ಚಿರತೆಗಳಿಗೆ ಗಡಿಯೂ ಇಲ್ಲ. ವ್ಯತ್ಯಾಸ ಇರೋದು ನಿಯಮದಲ್ಲಿ. ರಿಸರ್ವ್ ಒಳಗೆ ಗಾಡಿ ದಾರಿ ಬಿಟ್ಟು ಇಳಿಯುವಂತಿಲ್ಲ, ಕತ್ತಲಾದ ಮೇಲೆ ಸಫಾರಿ ಇಲ್ಲ. ಕನ್ಸರ್ವೆನ್ಸಿಯಲ್ಲಿ ಎರಡಕ್ಕೂ ಅವಕಾಶವಿದೆ, ಗೈಡ್ ಜೊತೆ ನಡೆದೂ ಹೋಗಬಹುದು. ಒಂದು ಪ್ರಾಣಿಯ ಹತ್ತಿರ ಸಾಮಾನ್ಯವಾಗಿ ಐದು ಗಾಡಿಗಿಂತ ಹೆಚ್ಚು ನಿಲ್ಲಿಸಲ್ಲ. ಹೊರಗಿನವರ ಗಾಡಿಗೆ ಪ್ರವೇಶವೇ ಇಲ್ಲ, ಎಷ್ಟು ಎಕರೆಗೆ ಎಷ್ಟು ಟೆಂಟ್ ಅನ್ನೋದಕ್ಕೂ ಮಿತಿ ಇದೆ. ಆಗಸ್ಟ್‌ನಲ್ಲಿ ರಿಸರ್ವ್ ಒಳಗೆ ಒಂದು ಚೀತಾದ ಸುತ್ತ ಇಪ್ಪತ್ತು, ಮೂವತ್ತು ವ್ಯಾನ್ ಮುತ್ತಿಕೊಂಡಿರೋದು ಮಾಮೂಲು. ಕಬಿನಿಯಲ್ಲಿ ಹುಲಿ ಕಂಡಾಗ ಆಗುವ ನೂಕುನುಗ್ಗಲು ನಿಮಗೆ ಗೊತ್ತಲ್ಲ, ಅದಕ್ಕಿಂತ ಜೋರು.

ಸಫಾರಿಯಲ್ಲಿ ಈಗ ದೊಡ್ಡ ದುಡ್ಡು ಹರಿಯುತ್ತಿರೋದು ಈ ಖಾಲಿ ಜಾಗಕ್ಕೇ. ಕಡಿಮೆ ಟೆಂಟ್, ಸ್ವಂತ ಗಾಡಿ, ಒಂದೇ ಕಡೆ ಹೆಚ್ಚು ರಾತ್ರಿ. ಅದು ಸರಿಯಾದ ದಿಕ್ಕು ಅಂತ ನನ್ನ ಖಚಿತ ಅಭಿಪ್ರಾಯ. ರೂಮಿನ ಈಜುಕೊಳ ಫೋಟೋದಲ್ಲಿ ಚಂದ. ಬೆಳಿಗ್ಗೆ 6ಕ್ಕೆ ಹೊರಟು ಸಂಜೆ 6ಕ್ಕೆ ವಾಪಸಾಗುವ ಜನ ಅದರಲ್ಲಿ ಇಳಿಯೋದು ಯಾವಾಗ? ಎಸಿ ಕೂಡ ಬೇಡ. ಮಾರಾ ಇರೋದು 1,500 ಮೀಟರ್‌ಗಿಂತ ಎತ್ತರದಲ್ಲಿ, ಆಗಸ್ಟ್‌ನ ಬೆಳಗಿನ ಜಾವ ಸ್ವೆಟರ್ ಮೇಲೆ ಜಾಕೆಟ್ ಬೇಕಾಗುತ್ತೆ. ರಾತ್ರಿ ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಟ್ಟಿರುತ್ತಾರೆ.

ಈಗ ಬದಲಾವಣೆ. ನದಿ ದಾಟುವ ಜಾಗಗಳು ಬಹುತೇಕ ರಿಸರ್ವ್ ಒಳಗೇ ಇವೆ. ಪೂರ್ವದ ಕನ್ಸರ್ವೆನ್ಸಿಯಿಂದ ಅಲ್ಲಿಗೆ ಹೋಗಿಬರಲು ಇಡೀ ದಿನ ಬೇಕು, ಅಪ್ಪನ ಸೊಂಟಕ್ಕೆ ಅದು ಕಷ್ಟ. ಮೇಲಾಗಿ ಆ ದಿನ ರಿಸರ್ವ್ ಟಿಕೆಟ್ ಬೇರೆ. ವಿದೇಶಿಯರಿಗೆ ಜನವರಿಯಿಂದ ಜೂನ್‌ವರೆಗೆ ತಲೆಗೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200. ನಾಲ್ಕು ಜನಕ್ಕೆ ದಿನಕ್ಕೆ 800 ಡಾಲರ್. ಆದ್ದರಿಂದ ಮೂರು ರಾತ್ರಿ ಕನ್ಸರ್ವೆನ್ಸಿ, ಎರಡು ರಾತ್ರಿ ಮಾರಾ ಟ್ರಯಾಂಗಲ್ (ರಿಸರ್ವ್‌ನದೇ ಭಾಗ, ನದಿಯ ಪಶ್ಚಿಮಕ್ಕಿದೆ) ಅಂತ ಒಡೆಯಿರಿ. ಟ್ರಯಾಂಗಲ್ 2001ರಿಂದ ಮಾರಾ ಕನ್ಸರ್ವೆನ್ಸಿ ಅನ್ನುವ ಲಾಭರಹಿತ ಸಂಸ್ಥೆಯ ನಿರ್ವಹಣೆಯಲ್ಲಿದೆ, ರಸ್ತೆಯೂ ಶಿಸ್ತೂ ಚೆನ್ನಾಗಿವೆ.

ಒಂದು ಮಾತು ಹುಷಾರಾಗಿ ನೋಡಿ. ರಿಸರ್ವ್ ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ, ಹೊರಡುವ ದಿನ ಬೆಳಿಗ್ಗೆ 10ರೊಳಗೆ ಗೇಟು ದಾಟಿರಬೇಕು. ತಡವಾದರೆ ಇನ್ನೊಂದು ದಿನದ ಶುಲ್ಕ. ಹಾಗಾಗಿ ವಾಪಸು ವಿಮಾನ ಎಷ್ಟೊತ್ತಿಗೆ, ಯಾವ ಏರ್‌ಸ್ಟ್ರಿಪ್‌ನಿಂದ, ಆ ದಿನದ ಶುಲ್ಕ ಯಾರ ಲೆಕ್ಕ ಅಂತ ಏಜೆಂಟ್ ಹತ್ತಿರ ಬರಹದಲ್ಲಿ ತಗೊಳ್ಳಿ.

ನದಿ ದಾಟೋದನ್ನ ಮಾತ್ರ ಯಾರೂ ಗ್ಯಾರಂಟಿ ಕೊಡಕ್ಕಾಗಲ್ಲ. ಹಿಂಡು ದಂಡೆಗೆ ಬಂದು, ಮೂರು ಗಂಟೆ ನಿಂತು, ಹಾಗೇ ತಿರುಗಿಬಿಡುತ್ತದೆ. ಗಾಡಿಗಳು ದಂಡೆಗೆ ಒತ್ತಿ ನಿಂತರಂತೂ ತಿರುಗುವ ಸಾಧ್ಯತೆ ಇನ್ನೂ ಹೆಚ್ಚು. ಹಂಚಿಕೊಂಡ ಗಾಡಿಯಲ್ಲಿ ಯಾರೋ ಒಬ್ಬರಿಗೆ ಊಟದ ಹೊತ್ತಾಯಿತು ಅಂತ ಎಲ್ಲರೂ ಹೊರಡಬೇಕಾಗುತ್ತೆ. ಸ್ವಂತ ಗಾಡಿ ಬೇಕಾಗಿರೋದು ಇಲ್ಲಿಯೇ.

ಪಾಸ್‌ಪೋರ್ಟ್ ಪುಟ:

ಕ್ಯಾಂಪ್ ಆರಿಸೋ ಮುಂಚೆ ಅಪ್ಪ ಅಮ್ಮನ ಯೆಲ್ಲೋ ಫೀವರ್ (ಸೊಳ್ಳೆಯಿಂದ ಹರಡುವ ಹಳದಿ ಜ್ವರ) ಲಸಿಕೆ ವಿಚಾರ ತೀರ್ಮಾನ ಆಗಲಿ. ಕೀನ್ಯಾದಿಂದ ಬರುವವರು ಸರ್ಟಿಫಿಕೇಟ್ ಇಲ್ಲದೆ ಭಾರತದಲ್ಲಿ ಇಳಿದರೆ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಸರ್ಟಿಫಿಕೇಟ್ ಜಾರಿಗೆ ಬರುತ್ತೆ, ಆಮೇಲೆ ಜೀವನಪೂರ್ತಿ ನಡೆಯುತ್ತೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲೇ ಹಾಕಿಸಬೇಕು, ಪಾಸ್‌ಪೋರ್ಟ್ ಒಯ್ಯಬೇಕು, ಸರ್ಟಿಫಿಕೇಟ್ ಆಗಿ ಕೊಡುವ ಹಳದಿ ಪುಸ್ತಕದಲ್ಲಿ ಬರೆದ ಪಾಸ್‌ಪೋರ್ಟ್ ನಂಬರ್ ಅಲ್ಲೇ ತಾಳೆ ನೋಡಬೇಕು.

ತೊಡಕು ಇರೋದು ವಯಸ್ಸಿನಲ್ಲಿ. ಇದು ಜೀವಂತ ವೈರಸ್ಸಿನ ಲಸಿಕೆ, 60 ದಾಟಿದವರಲ್ಲಿ ಗಂಭೀರ ಅಡ್ಡಪರಿಣಾಮದ ಅಪಾಯ ಹೆಚ್ಚು. ನಿಮ್ಮ ಮನೆಯಲ್ಲಿ ಇಬ್ಬರೂ ಆ ಗುಂಪಿನವರೇ. ಸ್ಟೆರಾಯ್ಡ್, ಕೀಮೋ, ಥೈಮಸ್ ಗ್ರಂಥಿಯ ತೊಂದರೆ, ಮೊಟ್ಟೆಯ ತೀವ್ರ ಅಲರ್ಜಿ ಇದ್ದರೆ ಮನೆ ಡಾಕ್ಟರಿಗೆ ಮೊದಲೇ ಹೇಳಿ. ಲಸಿಕೆ ಬೇಡ ಅಂತ ಅವರು ಪತ್ರ ಕೊಟ್ಟರೂ ವಾಪಸು ಬಂದಾಗ ಏನಾಗುತ್ತೆ ಅಂತ ವಿಮಾನ ನಿಲ್ದಾಣದ ಆರೋಗ್ಯ ಕಚೇರಿಯಲ್ಲಿ ಕೇಳಿಕೊಂಡೇ ಟಿಕೆಟ್ ಮಾಡಿ. ಮಲೇರಿಯಾ ಮಾತ್ರೆಯನ್ನೂ ಅದೇ ಸಲ ಬರೆಸಿಕೊಳ್ಳಿ. ಮಾತ್ರೆ ಯಾವುದು ಅನ್ನೋದರ ಮೇಲೆ ವಾಪಸಾದ ಮೇಲೂ ಒಂದು ವಾರ ಅಥವಾ ನಾಲ್ಕು ವಾರ ಮುಂದುವರಿಸಬೇಕು. ಮನೆಗೆ ಬಂದ ಕೂಡಲೇ ನಿಲ್ಲಿಸಿಬಿಡೋದು ಎಲ್ಲರೂ ಮಾಡುವ ತಪ್ಪು.

2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಬದಲು ಇಟಿಎ, ಅಂದರೆ ಆನ್‌ಲೈನ್‌ನಲ್ಲಿ ಪಡೆಯುವ ಪ್ರಯಾಣ ಅನುಮತಿ. ಆನ್‌ಲೈನ್ ಅರ್ಜಿ, ತಲೆಗೆ 30 ಡಾಲರ್, ಜೊತೆಗೆ ಪಾವತಿ ಶುಲ್ಕ. ಸರ್ಕಾರಿ ತಾಣದ ಹಾಗೇ ಕಾಣುವ ದಲ್ಲಾಳಿ ತಾಣಗಳು ದುಪ್ಪಟ್ಟು ಕೀಳುತ್ತವೆ, ವಿಳಾಸ ನೋಡಿ ತುಂಬಿ.

ಪ್ಯಾಕೇಜ್ ದುಡ್ಡಿನ ಮೇಲೆ ಏಜೆಂಟ್ ಟಿಸಿಎಸ್ (ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ದರ ಬದಲಾಗುತ್ತಿರುತ್ತೆ, ಕಟ್ಟುವ ದಿನದ್ದು ಕೇಳಿ. ಅದು ಖರ್ಚಲ್ಲ, ರಿಟರ್ನ್ಸ್‌ನಲ್ಲಿ ಹೊಂದಿಕೆಯಾಗುತ್ತೆ. ಆದರೆ ಯಾರ ಪ್ಯಾನ್ ಕೊಟ್ಟಿರುತ್ತೀರೋ ಅವರ ತೆರಿಗೆ ಲೆಕ್ಕದಲ್ಲಿ ಮಾತ್ರ ಕಾಣುತ್ತೆ. ತೆರಿಗೆ ಕಟ್ಟುವವರ ಪ್ಯಾನ್ ಕೊಡಿ.

ಹಸಿರುದಾರಿ:

ಲಸಿಕೆ ಬಗ್ಗೆ ಏಜೆಂಟ್ ಬಾಯೇ ಬಿಟ್ಟಿರಲಿಲ್ಲ, ತುಂಬಾ ಉಪಕಾರವಾಯಿತು. ಸಣ್ಣ ವಿಮಾನಕ್ಕೆ 15 ಕಿಲೋ ಅಂತ ಬರೆದಿದ್ದಾರೆ. ನನ್ನ ಕ್ಯಾಮೆರಾ ಬ್ಯಾಗೇ 8 ಕಿಲೋ. ಅಪ್ಪನಿಗೆ ಗಾಡಿಯಲ್ಲಿ ಯಾವ ಸೀಟು ಒಳ್ಳೆಯದು?

ಮೂರನೇ ಸಾಲು:

15 ಕಿಲೋ ಅಂದರೆ ಕೈಚೀಲ, ಕ್ಯಾಮೆರಾ ಎಲ್ಲ ಸೇರಿ. ತೂಕದಷ್ಟೇ ಮುಖ್ಯ ಬ್ಯಾಗಿನ ಮೈ. ಬರೋದು ಸೆಸ್ನಾ ಕ್ಯಾರವಾನ್ ತರಹದ ವಿಮಾನ, ಸಾಮಾನು ಹೊಟ್ಟೆಯಡಿಯ ಗೂಡಿಗೆ ತುರುಕುತ್ತಾರೆ. ಚಕ್ರದ ಗಟ್ಟಿ ಸೂಟ್‌ಕೇಸ್ ಅದರಲ್ಲಿ ಕೂರಲ್ಲ, ಬಟ್ಟೆಯ ಡಫಲ್ ಬ್ಯಾಗೇ ಬೇಕು. ಬಹಳಷ್ಟು ಕ್ಯಾಂಪ್‌ಗಳಲ್ಲಿ ದಿನಾ ಬಟ್ಟೆ ಒಗೆದುಕೊಡುತ್ತಾರೆ, ತಲೆಗೆ ಮೂರು ಜೊತೆ ಸಾಕು. ಅದಕ್ಕೂ ಮೀರಿದರೆ ಸಾಮಾನಿಗೆ ಅಂತ ಒಂದು ಸೀಟು ಕೊಳ್ಳಬಹುದು, ಆದರೆ ಮುಂಚೆಯೇ. ಕ್ಯಾಮೆರಾ ಊರಿಡುವ ಬೀನ್‌ಬ್ಯಾಗ್ ಖಾಲಿ ಒಯ್ದು ಅಲ್ಲಿ ಅಕ್ಕಿಯೋ ಕಾಳೋ ತುಂಬಿಸಿಕೊಳ್ಳಿ. ಟ್ರೈಪಾಡ್ ಬೇಡ. ಡ್ರೋನ್ ಅಂತೂ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಪ್ಲಾಸ್ಟಿಕ್ ಕೈಚೀಲಗಳಿಗೆ ಕೀನ್ಯಾದಲ್ಲಿ 2017ರಿಂದ ನಿಷೇಧ, ಬಟ್ಟೆ ಸುತ್ತಿದ ಕವರ್‌ಗಳನ್ನು ಮನೆಯಲ್ಲೇ ಬಿಡಿ. ಪ್ಲಗ್ ಮೂರು ಚೌಕ ಪಿನ್ನಿನ ಬ್ರಿಟಿಷ್ ನಮೂನೆಯದು, ಅಡಾಪ್ಟರ್ ಬೇಕು.

ಅಂತರರಾಷ್ಟ್ರೀಯ ವಿಮಾನ ಇಳಿಯೋದು ಜೋಮೊ ಕೆನ್ಯಾಟಾದಲ್ಲಿ, ಮಾರಾ ವಿಮಾನ ಹೊರಡೋದು ಬಹುತೇಕ ವಿಲ್ಸನ್‌ನಿಂದ. ನಡುವಿನ ಟ್ರಾಫಿಕ್ ನಂಬಬೇಡಿ. ಬೆಳಿಗ್ಗೆ ಇಳಿದು ಅವತ್ತೇ ಹಾರುವ ಬದಲು ಒಂದು ರಾತ್ರಿ ನೈರೋಬಿಯಲ್ಲಿರಿ. ರಸ್ತೆ ಪ್ರಯಾಣ ಮಾತ್ರ ಬೇಡವೇ ಬೇಡ. ಐದಾರು ಗಂಟೆ, ಕೊನೆಯ ಭಾಗದ ಕುಲುಕಾಟ ಸೊಂಟನೋವಿದ್ದವರಿಗೆ ಹೇಳಿಮಾಡಿಸಿದ್ದಲ್ಲ. ವಿಮಾನದಲ್ಲಿ ಒಂದು ಗಂಟೆಯೊಳಗೆ ಮುಗಿಯುತ್ತೆ, ಕೆಲವು ಸಲ ದಾರಿಯಲ್ಲಿ ಒಂದೆರಡು ಏರ್‌ಸ್ಟ್ರಿಪ್‌ನಲ್ಲಿ ಇಳಿದು ಹತ್ತುತ್ತದೆ ಅಷ್ಟೆ.

ಲ್ಯಾಂಡ್ ಕ್ರೂಸರ್‌ನಲ್ಲಿ ಸಾಮಾನ್ಯವಾಗಿ ಹಿಂದೆ ಮೂರು ಸಾಲು ಇರುತ್ತೆ, ಒಂದಕ್ಕಿಂತ ಒಂದು ಎತ್ತರ. ನೋಟ ಚೆನ್ನಾಗಿ ಸಿಗೋದು ಕೊನೆಯ ಸಾಲಿನಲ್ಲಿ. ಆದರೆ ಅದು ಹಿಂದಿನ ಆಕ್ಸಲ್ ಮೇಲೇ ಬರುತ್ತೆ, ಗುಂಡಿಗೆ ಇಳಿದಾಗಲೆಲ್ಲ ಎತ್ತಿ ಕುಕ್ಕುತ್ತೆ. ಅಪ್ಪನನ್ನು ಡ್ರೈವರ್ ಪಕ್ಕ ಅಥವಾ ಮೊದಲ ಸಾಲಿನಲ್ಲಿ ಕೂರಿಸಿ, ಸೊಂಟದ ಬೆಲ್ಟ್ ಕಟ್ಟಿಸಿ, ಬೆನ್ನಿಗೆ ಟೆಂಟಿನ ದಿಂಬು. ಹತ್ತುವ ಮೆಟ್ಟಿಲು ಎತ್ತರ ಇರುತ್ತೆ, ಸ್ಟೂಲ್ ಇಡಲು ಮೊದಲೇ ಬರೆದು ತಿಳಿಸಿ. ಊಟದ ಜಾಗಕ್ಕೆ ಹತ್ತಿರದ ಟೆಂಟನ್ನೇ ಕೇಳಿ. ಕತ್ತಲಾದ ಮೇಲೆ ಕಾವಲುಗಾರ ಬಂದು ಕರೆದೊಯ್ಯುವವರೆಗೆ ಹೊರಗೆ ಕಾಲಿಡುವಂತಿಲ್ಲ, ದೂರದ ಟೆಂಟ್ ಆದರೆ ದಿನಾ ಆ ಕತ್ತಲಲ್ಲಿ ನಡೆಯಬೇಕು. ಬಲೂನ್ ಸವಾರಿ ಅಪ್ಪನಿಗೆ ಬೇಡ, ಇಳಿಯುವಾಗ ಬುಟ್ಟಿ ನೆಲಕ್ಕೆ ಬಡಿಯುತ್ತೆ, ಒಮ್ಮೊಮ್ಮೆ ಮಗುಚಿಕೊಳ್ಳುತ್ತೆ.

ಊಟಕ್ಕೆ ಚಿಂತೆ ಇಲ್ಲ. ಕೀನ್ಯಾದಲ್ಲಿ ಗುಜರಾತಿಗಳು ತಲೆಮಾರುಗಳಿಂದ ನೆಲೆಸಿದ್ದಾರೆ, ಅನ್ನ, ಚಪಾತಿ, ಬೇಳೆ ಅಡುಗೆಯವರಿಗೆ ಹೊಸದಲ್ಲ. ಸಮಸ್ಯೆ ಬರೋದು ಡಬ್ಬಿ ತಿಂಡಿಯಲ್ಲಿ. ಬೆಳಗಿನ ಸಫಾರಿಗೆ ಕಟ್ಟಿಕೊಡುವ ಮಫಿನ್, ಪ್ಯಾನ್‌ಕೇಕ್‌ಗಳಲ್ಲಿ ಮೊಟ್ಟೆ ಇರುತ್ತೆ. ಬರೀ ಸಸ್ಯಾಹಾರಿ ಅಂತ ತಿಳಿಸಿದರೆ ಮೊಟ್ಟೆ ಬಂದೇ ಬರುತ್ತೆ. ಮಾಂಸ, ಮೀನು, ಮೊಟ್ಟೆ ಮೂರೂ ಇಲ್ಲ, ಹಾಲು ಮೊಸರು ಆಗುತ್ತೆ ಅಂತ ಬಿಡಿಸಿ ಬರೆದು ಬುಕಿಂಗ್‌ನಲ್ಲೇ ಹಾಕಿಸಿ, ತಲುಪಿದ ದಿನ ಅಡುಗೆಯವರನ್ನೇ ಕಂಡು ಇನ್ನೊಮ್ಮೆ ಹೇಳಿ.